ಖಾಕಿ ಒಂದೇ ಬಂದರೆ ಸಾಲದು



ಬೆಲೆ, ಸಾಲ, ಕರೆಂಟು, ಬೆಳೆವಿಮೆ. ಈ ಪುಟದಲ್ಲಿ ಪ್ರತಿ ತಿಂಗಳೂ ಬರುವುದು ಇವೇ. ಈ ಸಲ ಪೊಲೀಸ್ ಜೀಪಿನ ವಿಚಾರ ಬರೆಯುತ್ತಿದ್ದೇವೆ. ಚಳವಳಿಗಾರರನ್ನು ತುಂಬಿಕೊಂಡು ಹೋಗುವ ಜೀಪಿನ ಮಾತಲ್ಲ. ಮನೆಯಲ್ಲಿ ಒಬ್ಬರ ಮನಸ್ಸು ಹಿಡಿತ ತಪ್ಪಿದ ರಾತ್ರಿ, ಹೆಂಡತಿಯೋ ಮಗನೋ ದಿಕ್ಕು ತೋಚದೆ 112ಕ್ಕೆ ಫೋನು ಮಾಡಿದಾಗ ಬರುತ್ತದಲ್ಲ, ಆ ಜೀಪು.

ಅಂಥ ಫೋನು ಎರಡು ಥರದ್ದು. ಒಂದು, ಸಾಲಗಾರರ ಕಾಟಕ್ಕೋ ಬೆಳೆ ಹೋದ ದುಃಖಕ್ಕೋ ಮನುಷ್ಯ ಮಾತು ಬಿಟ್ಟು, ಔಷಧಿ ಡಬ್ಬ ಹಿಡಿದು ಮೋಟಾರು ಮನೆಯ ಬಾಗಿಲು ಹಾಕಿಕೊಂಡಿದ್ದಾನೆ. ಇನ್ನೊಂದು, ಮೊದಲಿಂದಲೂ ಕಾಯಿಲೆ ಇದ್ದ ಹುಡುಗ ಮಾತ್ರೆ ಬಿಟ್ಟು, ಯಾರೋ ತನ್ನನ್ನು ಕೊಲ್ಲಲು ಬರುತ್ತಿದ್ದಾರೆ ಅಂತ ಮಚ್ಚು ಹಿಡಿದು ಹೊಸ್ತಿಲಲ್ಲಿ ನಿಂತಿದ್ದಾನೆ. ಎರಡೂ ಕಡೆ ಬರುವವರು ಒಬ್ಬ ಏಎಸ್‌ಐ, ಒಬ್ಬ ಪೇದೆ. ಕೆಟ್ಟವರೇನಲ್ಲ. ಅವರಲ್ಲೂ ಎಷ್ಟೋ ಜನ ನಮ್ಮ ನಿಮ್ಮಂಥ ರೈತರ ಮಕ್ಕಳೇ. ಆದರೆ ಅವರ ಕೈಲಿರುವುದು ಲಾಠಿ, ವೈರ್‌ಲೆಸ್ಸು. ಅವರು ಕಲಿತಿರುವುದು ಜಗಳ ಬಿಡಿಸುವುದು, ಕೇಸು ಬರೆಯುವುದು. "ಏನಯ್ಯಾ ನಿಂದು ಗಲಾಟೆ, ಹತ್ತು ಜೀಪು" ಅನ್ನುವುದು ಬಿಟ್ಟು ಬೇರೆ ಮಾತು ಅವರಿಗೆ ಯಾರು ಹೇಳಿಕೊಟ್ಟಿದ್ದಾರೆ? ಅಷ್ಟರಲ್ಲಿ ಬೀದಿಯೆಲ್ಲ ಸೇರಿರುತ್ತದೆ. ಒಬ್ಬ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿರುತ್ತಾನೆ.

ಅದರಲ್ಲೂ ಸಾಲಗಾರ ರೈತನ ಕಣ್ಣಿಗೆ ಖಾಕಿ ಏನಾಗಿ ಕಾಣುತ್ತದೆ, ಸ್ವಲ್ಪ ಯೋಚಿಸಿ. ನಾನು ಹುಡುಗನಾಗಿದ್ದಾಗ ಊರಿಗೆ ಜೀಪು ಬಂತೆಂದರೆ ಜಪ್ತಿ ಬಂತು ಅಂತಲೇ ಅರ್ಥ. ಬ್ಯಾಂಕಿನವರು ಮುಂದೆ, ಪೊಲೀಸಿನವರು ಹಿಂದೆ. ಹಂಡೆ, ಕೊಪ್ಪರಿಗೆ, ನೇಗಿಲು ಬೀದಿಗೆ ಬರುತ್ತಿದ್ದವು. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಗೋಲಿಬಾರು ಆದದ್ದನ್ನು ಹಿರಿಯರು ಯಾರೂ ಮರೆತಿಲ್ಲ. ಅಪ್ಪಣೆ ಇಲ್ಲದೆ ಅಧಿಕಾರಿಗಳು ಊರೊಳಗೆ ಬರಕೂಡದು ಅಂತ ರೈತ ಸಂಘದವರು ಊರ ಬಾಗಿಲಲ್ಲಿ ಬೋರ್ಡು ನೆಟ್ಟದ್ದೂ ಆ ಕಾಲದಲ್ಲೇ. ಈಗ ವಸೂಲಿಗೆ ಬರುವವರು ಬೈಕಿನ ಹುಡುಗರು, ಮೈಕ್ರೋ ಫೈನಾನ್ಸಿನವರು. ಅವರ ಕಿರುಕುಳ ತಡೆಯಲು 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಆದರೂ ಹಳೆಯ ಭಯ ರಕ್ತದಲ್ಲಿ ಉಳಿದಿದೆ. ಮರ್ಯಾದೆ ಹೋಯಿತಲ್ಲ ಅಂತಲೇ ಬಾಗಿಲು ಹಾಕಿಕೊಂಡು ಕೂತವನ ಬಾಗಿಲಿಗೆ ಖಾಕಿಯನ್ನೇ ಕಳಿಸಿದರೆ ಅವನು ಏನೆಂದುಕೊಳ್ಳಬೇಕು? ಉಳಿದ ಮರ್ಯಾದೆಯೂ ಹೋಯಿತು ಅಂತ.

ಹಾಗಂತ ಪೊಲೀಸರೇ ಬೇಡ ಅನ್ನಲಾಗುವುದಿಲ್ಲ. ಮಚ್ಚು ಹಿಡಿದವನ ಮುಂದೆ ಒಬ್ಬ ನರ್ಸಮ್ಮನನ್ನು ನಿಲ್ಲಿಸುವುದು ಅನ್ಯಾಯ. ಜೀಪು ಇರುವುದು ಪೊಲೀಸರಲ್ಲಿ, ರಾತ್ರಿ ಎರಡು ಗಂಟೆಗೆ ಎದ್ದು ಬರುವವರೂ ಅವರೇ. ನಾವು ಕೇಳುವುದು ಇಷ್ಟು: ಆ ಜೀಪಿನಲ್ಲಿ ಮನಸ್ಸಿನ ಕಾಯಿಲೆ ಬಲ್ಲವರೊಬ್ಬರು ಜೊತೆಗೆ ಬರಲಿ. ಮುಂದೆ ನಿಂತು ಮಾತಾಡುವವರು ಅವರಾಗಲಿ, ಪೊಲೀಸರು ಹತ್ತು ಹೆಜ್ಜೆ ಹಿಂದಿರಲಿ.

ಇದು ಭಿಕ್ಷೆಯ ಮಾತಲ್ಲ, ಅರ್ಧ ಭಾಗ ಈಗಾಗಲೇ ಕಾನೂನಿನಲ್ಲಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಅದರ 100ನೇ ಕಲಮನ್ನು ಬರೆದಿಟ್ಟುಕೊಳ್ಳಿ. ಮನಸ್ಸಿನ ಕಾಯಿಲೆಯಿಂದ ತನಗೋ ಇತರರಿಗೋ ಅಪಾಯ ಮಾಡಿಕೊಳ್ಳಬಹುದು ಅಂತ ಕಂಡವನನ್ನು ರಕ್ಷಣೆಗೆ ತೆಗೆದುಕೊಳ್ಳುವುದು ಠಾಣಾಧಿಕಾರಿಯ ಕರ್ತವ್ಯ. ಯಾಕೆ ಕರೆದೊಯ್ಯುತ್ತಿದ್ದೇವೆ ಅಂತ ತಿಳಿಸಬೇಕು. ಆದಷ್ಟು ಬೇಗ, ಎಷ್ಟೇ ತಡವಾದರೂ 24 ಗಂಟೆಯೊಳಗೆ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಒಪ್ಪಿಸಬೇಕು. ಯಾವ ಸಂದರ್ಭದಲ್ಲೂ ಲಾಕಪ್ಪಿಗೆ ಹಾಕಕೂಡದು, ಜೈಲಿಗೂ ಹಾಕಕೂಡದು. ಮೈ ಕಾಯಿಲೆಯವರಿಗೆ ಸಿಗುವ ಅಂಬ್ಯುಲೆನ್ಸೇ ಮನಸ್ಸಿನ ಕಾಯಿಲೆಯವರಿಗೂ ಸಿಗಬೇಕು ಅಂತ 21ನೇ ಕಲಂ ಹೇಳುತ್ತದೆ. ಪೊಲೀಸರಿಗೆ ಕಾಲಕಾಲಕ್ಕೆ ತಿಳಿವಳಿಕೆ ಕೊಡಬೇಕು ಅಂತ 30ನೇ ಕಲಂ. ಇನ್ನು ಸರಪಳಿ ಹಾಕುವುದನ್ನು 95ನೇ ಕಲಂ ಪೂರ್ತಿ ನಿಷೇಧಿಸಿದೆ. ಇದು ನಮಗೂ ಅನ್ವಯಿಸುವ ಮಾತು. ಹುಡುಗನನ್ನು ಹಿತ್ತಲ ಕಂಬಕ್ಕೆ ಕಟ್ಟಿ ಹಾಕಿ ನೆಂಟರಿಗೆ "ಊರಲ್ಲಿಲ್ಲ" ಅನ್ನುವ ಮನೆಗಳು ನಮ್ಮಲ್ಲೇ ಇವೆ.

ಕಾನೂನಿನಲ್ಲಿ ಇಲ್ಲದ್ದು ಏನು? ಠಾಣೆಯವರ ಜೊತೆ ಯಾರು ಹೋಗಬೇಕು ಅನ್ನುವುದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂತ ಇದೆ. ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು, ನರ್ಸು ಎಲ್ಲ ಅದರ ತಂಡದವರು. 14416 ಅಂತ ಟೆಲಿ ಮಾನಸ್ ಫೋನಿದೆ, 2022ರ ಅಕ್ಟೋಬರ್ 10ರಂದು ಶುರುವಾಯಿತು, ಹಗಲೂ ರಾತ್ರಿಯೂ ಕನ್ನಡದಲ್ಲೇ ಮಾತಾಡಬಹುದು. ದೇಶಕ್ಕೆಲ್ಲ ಅದರ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸೇ. 112ರವರು ಒಂದು ಕಡೆ, 14416ರವರು ಒಂದು ಕಡೆ, 108ರವರು ಇನ್ನೊಂದು ಕಡೆ. ಸಂಕಟದಲ್ಲಿರುವ ಹೆಂಗಸು ಮೂರು ನಂಬರು ನೆನಪಿಟ್ಟುಕೊಂಡು ಯಾವುದು ಯಾವುದಕ್ಕೆ ಅಂತ ವಿಂಗಡಿಸಬೇಕೇನು? ಮಂಗಳವಾರ ಮನೋವೈದ್ಯರು ತಾಲೂಕು ಆಸ್ಪತ್ರೆಗೆ ಬರುವ ಮನೋಚೈತನ್ಯ ಎಂಬ ಏರ್ಪಾಡನ್ನೂ ನಮ್ಮ ರಾಜ್ಯ ಮಾಡಿದ್ದುಂಟು. ಒಳ್ಳೆಯದೇ. ಆದರೆ ಮನುಷ್ಯನ ಕಷ್ಟ ಮಂಗಳವಾರ ನೋಡಿಕೊಂಡು ಬರುವುದಿಲ್ಲವಲ್ಲ.

ಹೊರದೇಶದಲ್ಲಿ ಇದನ್ನು ಮಾಡಿ ನೋಡಿದ್ದಾರೆ. ಅಮೆರಿಕದ ಮೆಂಫಿಸ್ ನಗರದಲ್ಲಿ 1987ರಲ್ಲಿ, ಚಾಕು ಹಿಡಿದು ತನ್ನನ್ನೇ ಗಾಯ ಮಾಡಿಕೊಳ್ಳುತ್ತಿದ್ದ ಒಬ್ಬ ತರುಣನನ್ನು ಪೊಲೀಸರು ಗುಂಡಿಟ್ಟು ಕೊಂದರು. ಊರು ರೊಚ್ಚಿಗೆದ್ದಿತು. ಮರುವರ್ಷ ಪೊಲೀಸರು, ವಿಶ್ವವಿದ್ಯಾಲಯದವರು, ಕಾಯಿಲೆಯವರ ಮನೆಯವರ ಸಂಘ ಕೂಡಿ ಒಂದು ವ್ಯವಸ್ಥೆ ಮಾಡಿದರು. ಇಷ್ಟಪಟ್ಟು ಮುಂದೆ ಬಂದ ಪೊಲೀಸರಿಗೆ 40 ಗಂಟೆ ತರಬೇತಿ, ಅಂಥ ಕರೆಗೆ ಅವರನ್ನೇ ಕಳಿಸುವುದು, ಕರೆತಂದವರನ್ನು ಆಸ್ಪತ್ರೆ ಇಲ್ಲ ಅನ್ನದೆ ತೆಗೆದುಕೊಳ್ಳುವುದು. ಈ ಕೊನೆಯದನ್ನು ಗಮನಿಸಿ. ನಮ್ಮಲ್ಲಿ ಪೇದೆ ರೋಗಿಯನ್ನು ಕೂರಿಸಿಕೊಂಡು ತಾಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ಬೆಂಗಳೂರಿಗೆ ಅಲೆಯಬೇಕು. ಒಮ್ಮೆ ಅಲೆದವನು ಮುಂದಿನ ಸಲ ಫೋನು ಬಂದರೆ ಕಿವುಡನಾಗುತ್ತಾನೆ. ಅವನದು ತಪ್ಪೆನ್ನುವಂತಿಲ್ಲ.

ಇಂಗ್ಲೆಂಡಿನಲ್ಲಿ ನರ್ಸನ್ನು ಪೊಲೀಸ್ ಕಾರಿನಲ್ಲೇ ಕೂರಿಸುವ ಪದ್ಧತಿ ಸುಮಾರು 2013ರಿಂದ ಹಲವು ಕಡೆ ನಡೆಯಿತು. 2017ರಲ್ಲಿ ಅಲ್ಲಿನ ಕಾನೂನು ತಿದ್ದಿ, ಸಾಧ್ಯವಿದ್ದ ಕಡೆಯೆಲ್ಲ ಪೊಲೀಸರು ಮನುಷ್ಯನನ್ನು ಹಿಡಿಯುವ ಮೊದಲೇ ವೈದ್ಯರನ್ನೋ ನರ್ಸನ್ನೋ ಕೇಳಬೇಕು ಅಂತ ಮಾಡಿದರು. 18 ವರ್ಷದೊಳಗಿನವರನ್ನು ಈ ಕಾರಣಕ್ಕೆ ಠಾಣೆಯ ಕೋಣೆಯಲ್ಲಿ ಇಡುವುದೇ ಬೇಡ ಅಂದರು. ಅಲ್ಲೂ ಎಲ್ಲ ಸುಸೂತ್ರ ಅಂತೇನಿಲ್ಲ. ಪ್ರಾಣಕ್ಕೆ ಅಪಾಯವಿಲ್ಲದ ಕರೆಗೆ ನಾವು ಬರುವುದಿಲ್ಲ, ಅದು ಆಸ್ಪತ್ರೆಯವರ ಕೆಲಸ ಅಂತ 2023ರಲ್ಲಿ ಲಂಡನ್ ಪೊಲೀಸರು ಹೇಳಿಬಿಟ್ಟರು. ಅಮೆರಿಕದ ಯೂಜೀನ್ ಎಂಬ ಊರಲ್ಲಿ 1989ರಿಂದ ಒಂದು ಚಿಕಿತ್ಸಾಲಯದವರು ವ್ಯಾನಿನಲ್ಲಿ ಇಬ್ಬರನ್ನು, ಒಬ್ಬರು ಔಷಧೋಪಚಾರ ಬಲ್ಲವರು, ಒಬ್ಬರು ಮಾತು ಬಲ್ಲವರು, ಕೈಲಿ ಆಯುಧವಿಲ್ಲದೆ ಕಳಿಸುತ್ತಿದ್ದರು. ಅಗತ್ಯ ಬಿದ್ದರೆ ಮಾತ್ರ ಪೊಲೀಸರನ್ನು ಕರೆಯುತ್ತಿದ್ದರು. ಜಗತ್ತೆಲ್ಲ ಹೊಗಳಿದ ಆ ಕೆಲಸ 2025ರ ಏಪ್ರಿಲ್‌ನಲ್ಲಿ ಆ ಊರಲ್ಲಿ ನಿಂತುಹೋಯಿತು, ದುಡ್ಡಿಲ್ಲದೆ. ಆದ್ದರಿಂದ ಇಂಥ ಕೆಲಸಕ್ಕೆ ಹಣ ಬಜೆಟ್ಟಿನಲ್ಲೇ ಇರಬೇಕು, ಯಾರು ಹೋಗಬೇಕೆಂಬುದು ಆದೇಶದಲ್ಲೇ ಇರಬೇಕು. ದಾನ ಧರ್ಮದ ಮೇಲೆ ಬಿಡುವ ಕೆಲಸ ಇದಲ್ಲ.

ಈಗ ನಮ್ಮವರೇ ಕೇಳುವ ಪ್ರಶ್ನೆಗೆ ಬರೋಣ. "ಬೆಲೆ ಕೊಡಲಿ, ಸಾಲ ಮನ್ನಾ ಮಾಡಲಿ, ಡಾಕ್ಟರು ಯಾಕೆ? ರೈತನಿಗೆ ಹುಚ್ಚಾ?" ಈ ಸಿಟ್ಟು ನ್ಯಾಯವಾದದ್ದೇ. ಬೆಲೆಯ ಜಗಳವನ್ನು ಬಿಡಿ ಅಂತ ನಾವು ಯಾರಿಗೂ ಹೇಳುತ್ತಿಲ್ಲ. ಸಾಲದ ಪ್ರಶ್ನೆಯನ್ನು ತಲೆ ಕೆಟ್ಟದ್ದರ ಪ್ರಶ್ನೆ ಮಾಡಿ ಫೈಲು ಮುಚ್ಚುವ ಬುದ್ಧಿ ಸರ್ಕಾರಿ ಕಚೇರಿಗಳಲ್ಲಿ ಇದೆ ಎಂಬುದನ್ನೂ ಬಲ್ಲೆವು. ಸತ್ತ ರೈತನ ಮನೆಗೆ 5 ಲಕ್ಷ ಪರಿಹಾರ ಕೊಡುವ ಮೊದಲು, ಸಾಲಕ್ಕೆ ಸತ್ತನೋ ಬೇರೆ ಕಾರಣಕ್ಕೆ ಸತ್ತನೋ ಅಂತ ಉಪವಿಭಾಗಾಧಿಕಾರಿಯ ಸಮಿತಿ ಕೂತು ತೀರ್ಮಾನ ಮಾಡುತ್ತದೆ. ಅಲ್ಲಿ "ಮಾನಸಿಕ" ಅನ್ನುವ ಒಂದು ಮಾತು ಸಿಕ್ಕರೆ ಸಾಕು, ಕುಟುಂಬದ ಕೈ ಖಾಲಿ ಆಗಬಹುದೆಂಬ ಅಂಜಿಕೆ ಸುಳ್ಳಲ್ಲ. ಅದಕ್ಕೇ ಎಷ್ಟೋ ಮನೆಯವರು ಬದುಕಿದ್ದಾಗಲೂ ಆಸ್ಪತ್ರೆ ಚೀಟಿ ಮಾಡಿಸುವುದಿಲ್ಲ. ಇದಕ್ಕೆ ನಮ್ಮ ಉತ್ತರ ನೇರ. ಮನಸ್ಸು ಕೆಟ್ಟದ್ದು ಸಾಲದಿಂದ ಅಂತ ಆ ಚೀಟಿಯಲ್ಲೇ ಬರೆಸಿ. ತೀವ್ರ ಒತ್ತಡ ಎನ್ನುವುದು ಸಾಲವನ್ನು ಸುಳ್ಳು ಮಾಡುವುದಿಲ್ಲ, ಅದಕ್ಕೆ ಸಾಕ್ಷಿ ಹೇಳುತ್ತದೆ. ಬೆಲೆ ನಿಗದಿಯಾಗುವುದು ಮುಂದಿನ ಸುಗ್ಗಿಗೋ ಅದರ ಮುಂದಿನ ಸುಗ್ಗಿಗೋ. ಮೋಟಾರು ಮನೆಯಲ್ಲಿ ಕೂತವನನ್ನು ಉಳಿಸಬೇಕಾದ್ದು ಇವತ್ತು ರಾತ್ರಿ.

ಇನ್ನೊಂದು ವಿಷಯ ಇದಕ್ಕಿಂತ ಗಂಭೀರ. ಆತ್ಮಹತ್ಯೆಗೆ ಯತ್ನಿಸಿದವನನ್ನು ಹಳೆಯ ದಂಡಸಂಹಿತೆಯ 309ನೇ ಕಲಂ ಅಪರಾಧಿ ಮಾಡುತ್ತಿತ್ತು. 2017ರ ಕಾಯಿದೆಯ 115ನೇ ಕಲಂ ಅದರ ಹಲ್ಲು ಕಿತ್ತಿತು: ಅಂಥವನು ತೀವ್ರ ಒತ್ತಡದಲ್ಲಿದ್ದನೆಂದೇ ಭಾವಿಸಬೇಕು, ಶಿಕ್ಷಿಸಕೂಡದು, ಆರೈಕೆ ಕೊಡುವುದು ಸರ್ಕಾರದ ಕರ್ತವ್ಯ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 309 ಇಲ್ಲವೇ ಇಲ್ಲ. ಸಂತೋಷ. ಆದರೆ 226 ಅಂತ ಹೊಸದೊಂದು ಬಂದಿದೆ. ಸರ್ಕಾರಿ ನೌಕರನ ಕೆಲಸಕ್ಕೆ ಒತ್ತಡ ಹಾಕುವ ಅಥವಾ ಅಡ್ಡಿಪಡಿಸುವ ಉದ್ದೇಶದಿಂದ ಆತ್ಮಹತ್ಯೆಗೆ ಯತ್ನಿಸಿದರೆ ಒಂದು ವರ್ಷದವರೆಗೆ ಸಾದಾ ಸಜೆ, ಇಲ್ಲವೇ ದಂಡ, ಇಲ್ಲವೇ ಎರಡೂ, ಇಲ್ಲವೇ ಸಮುದಾಯ ಸೇವೆ. ಈ ಕಲಂ ಮೊದಲು ಯಾರ ಮೇಲೆ ಬೀಳುತ್ತದೆ? ಕಚೇರಿ ಮೆಟ್ಟಿಲು ಹತ್ತಿ ಹತ್ತಿ ಸಾಕಾದ ರೈತನ ಮೇಲೆ. 2013ರ ನವೆಂಬರಿನಲ್ಲಿ ಬೆಳಗಾವಿಯ ಸುವರ್ಣಸೌಧದ ಹತ್ತಿರ, ಕಬ್ಬಿನ ಬೆಲೆಗೆ ಧರಣಿ ನಡೆದಿದ್ದಾಗ ಒಬ್ಬ ರೈತರು ವಿಷ ಕುಡಿದು ಪ್ರಾಣ ಬಿಟ್ಟರು. ಇವತ್ತು ಅಂಥವರೊಬ್ಬರು ಬದುಕಿ ಉಳಿದರೆ ಅವರ ಹಾಸಿಗೆಯ ಪಕ್ಕದಲ್ಲಿ ನಿಲ್ಲುವವರು ಯಾರು? ಒತ್ತಡ ಹಾಕಲು ಮಾಡಿದನೋ, ಬದುಕೇ ಸಾಕಾಗಿ ಮಾಡಿದನೋ ಅಂತ ಮೊದಲ ವರದಿ ಬರೆಯುವವರು ಒಬ್ಬ ಪಿಎಸ್‌ಐ ಮಾತ್ರವೇ? ಮನಸ್ಸು ಬಲ್ಲವರೊಬ್ಬರು ಮೊದಲ ಗಳಿಗೆಯಿಂದ ಜೊತೆಗಿದ್ದು ಅವರ ಮಾತೂ ಕಡತದಲ್ಲಿ ಸೇರಬೇಕು ಅಂತ ನಾವು ಕೇಳುವುದು ಇದಕ್ಕೇ.

ಇದೇ ಉಸಿರಿನಲ್ಲಿ ನಮ್ಮ ಕಾರ್ಯಕರ್ತರಿಗೂ ಒಂದು ಮಾತು. ಧರಣಿಯಲ್ಲಿ ಔಷಧಿ ಡಬ್ಬ ಎತ್ತಿ ತೋರಿಸುವುದು ಕೆಲವರಿಗೆ ಚಾಳಿಯಾಗಿದೆ. ಪತ್ರಿಕೆಯಲ್ಲಿ ಫೋಟೋ ಬರುತ್ತದೆ ನಿಜ. ಆದರೆ ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂತಿರುವ, ಯಾರಿಗೂ ಹೇಳದೆ ನೊಂದಿರುವ ಒಬ್ಬನು ಅದನ್ನು ನಿಜವಾಗಿ ತೆಗೆದುಕೊಳ್ಳುತ್ತಾನೆ. ಅದನ್ನು ನಿಲ್ಲಿಸಿ. ನಮ್ಮ ಚಳವಳಿಗೆ ಬೇರೆ ಆಯುಧಗಳಿವೆ.

ವಿಷ ಹೊಟ್ಟೆಗೆ ಹೋಗಿಬಿಟ್ಟಿದ್ದರೆ ಠಾಣೆ, ಪಂಚಾಯ್ತಿ, ನ್ಯಾಯ ಎಲ್ಲ ಆಮೇಲೆ. ಮೊದಲು 108, ಮೊದಲು ಆಸ್ಪತ್ರೆ. ಪೊಲೀಸ್ ಕೇಸು ಅಂತ ಹೆದರಿ ಮನೆಮದ್ದು ಮಾಡುತ್ತ ಕೂತು ಹೊತ್ತು ಕಳೆಯಬೇಡಿ. ಮೊದಲು ಚಿಕಿತ್ಸೆ, ಆಮೇಲೆ ಕಾಗದ ಅಂತ ಸುಪ್ರೀಂ ಕೋರ್ಟು 1989ರಲ್ಲೇ ಹೇಳಿದೆ, ಖಾಸಗಿ ಆಸ್ಪತ್ರೆಗೂ ಸೇರಿಸಿ.

ಆಗುವ ಕೆಲಸವೇ ಇದು ಅಂತ ಕೇಳುವವರಿಗೆ ಬಳ್ಳಾರಿಯನ್ನು ನೆನಪಿಸಬೇಕು. 1980ರ ದಶಕದಲ್ಲಿ ನಿಮ್ಹಾನ್ಸಿನವರು ಆ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ಡಾಕ್ಟರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಹಳ್ಳಿಯಲ್ಲೇ ಮನೋರೋಗಕ್ಕೆ ಚಿಕಿತ್ಸೆ ಸಿಗುವಂತೆ ಮಾಡಿದರು. 1996ರಲ್ಲಿ ಶುರುವಾದ ದೇಶದ ಜಿಲ್ಲಾ ಕಾರ್ಯಕ್ರಮ ಆ ಮಾದರಿಯ ಮೇಲೆಯೇ ನಿಂತಿದ್ದು. ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಇಲ್ಲದ ದೇಶದಲ್ಲಿ ಪ್ರತಿ ಜೀಪಿಗೂ ಒಬ್ಬ ಮನೋವೈದ್ಯರನ್ನು ಯಾರೂ ಕೇಳುವುದಿಲ್ಲ. ತಾಲೂಕಿಗೆ ಪಾಳಿಯ ಮೇಲೆ ಒಬ್ಬರು ನರ್ಸೋ ಸಮಾಜ ಕಾರ್ಯಕರ್ತರೋ ಸಾಕು. ಅವರೂ ದೂರದಲ್ಲಿದ್ದ ರಾತ್ರಿ ಜೀಪಿನಲ್ಲಿರುವ ಪೇದೆಯೇ 14416ಕ್ಕೆ ಫೋನು ಹಚ್ಚಿ, ಅವರು ಹೇಳಿದಂತೆ ಮಾತಾಡಲಿ.

ಬರುವ ಗ್ರಾಮಸಭೆಯಲ್ಲಿ ಠರಾವು ಮಾಡಿ ತಹಸೀಲ್ದಾರರಿಗೆ, ತಾಲೂಕು ಆರೋಗ್ಯಾಧಿಕಾರಿಗೆ, ನಿಮ್ಮ ಠಾಣೆಗೆ ಒಂದೊಂದು ಪ್ರತಿ ಕೊಡಿ. ಅದರಲ್ಲಿ ಮೂರು ಪ್ರಶ್ನೆ ಇರಲಿ. ಇಂಥ ಕರೆ ಬಂದಾಗ ಠಾಣೆಯಿಂದ ಯಾರು ಬರುತ್ತಾರೆ, ಅವರಿಗೆ ತರಬೇತಿ ಆಗಿದೆಯೇ? ಆರೋಗ್ಯ ಇಲಾಖೆಯಿಂದ ಜೊತೆಗೆ ಬರುವವರು ಯಾರು, ಅವರ ಫೋನು ನಂಬರು ಏನು? ರಾತ್ರಿ ವೇಳೆ ಕರೆದೊಯ್ಯುವ ಆಸ್ಪತ್ರೆ ಯಾವುದು? ಸ್ವೀಕೃತಿ ಸಹಿ ಮರೆಯದೆ ತೆಗೆದುಕೊಳ್ಳಿ. ಬಂದ ಉತ್ತರವನ್ನು, ಬಾರದಿದ್ದರೆ ಬರಲಿಲ್ಲವೆಂಬುದನ್ನು, ತಾಲೂಕಿನ ಹೆಸರು ಸಮೇತ ನಮಗೆ ಬರೆದು ಕಳಿಸಿ. ಬಂದ ಹಾಗೆಯೇ ಈ ಪುಟದಲ್ಲಿ ಅಚ್ಚು ಹಾಕುತ್ತೇವೆ.