ಕೂಳೆಯ ಬೇರು ಮಣ್ಣಾಗುವ ಬಗೆ

ಗದಗ ಸೀಮೆಯ ಎರೆ ಭೂಮಿಯ ರೈತ ಬಂಧುವೊಬ್ಬರು ನಮ್ಮಲ್ಲಿಗೆ ಬಂದು, ಹಿಂಗಾರಿ ಜೋಳದ ಕೂಳೆಯನ್ನು ಕಿತ್ತು ಸುಡುವುದು ಲೇಸೋ, ಹೊಲದಲ್ಲಿಯೇ ಬಿಡುವುದು ಲೇಸೋ ಎಂದು ಕೇಳಿದರು. ಹಿಂದಿನ ವರ್ಷ ಅವರು ಕೂಳೆಯನ್ನು ಮಣ್ಣಿಗೆ ಮಗುಚಿ, ಮೊದಲ ಮಳೆಯಾದ ವಾರದೊಳಗೆ ಗೋವಿನಜೋಳ ಬಿತ್ತಿದ್ದರು. ಪೈರು ಹಳದಿಗಟ್ಟಿತು. ತಂದೆಯವರು ಕೂಳೆಯನ್ನು ಜರಿದರು, ಮಗನು ಬೀಜವನ್ನು ಜರಿದನು. ಮನೆಯಲ್ಲಿ ಮಾತು ಬೆಳೆಯಿತು.

ನಮ್ಮ ಎಣಿಕೆಯಲ್ಲಿ ಬೀಜವು ನಿರ್ದೋಷಿ. ಬೇರನ್ನು ಕೊಳೆಯಿಸುವವು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಮತ್ತು ಶಿಲೀಂಧ್ರಗಳು. ಬೇರಿನ ಇಂಗಾಲವೇ ಅವುಗಳ ಆಹಾರ. ಆದರೆ ಮೈ ಬೆಳೆಸಲು ಸಾರಜನಕವೂ ಬೇಕು. ಇಂಗಾಲವು 25 ಪಾಲಿದ್ದಲ್ಲಿ ಸಾರಜನಕವು ಸುಮಾರು 1 ಪಾಲಾದರೂ ಇರಬೇಕು. ಜೋಳದ ಬೇರಿನಲ್ಲಿ ಅಷ್ಟಿಲ್ಲ. ಆದುದರಿಂದ ಅವು ಕೊರತೆಯನ್ನು ಮಣ್ಣಿನಿಂದಲೇ ತುಂಬಿಕೊಳ್ಳುತ್ತವೆ. ಎಳೆಯ ಪೈರು ಕೆಲವು ವಾರ ಹಸಿಯುತ್ತದೆ. ಆ ಜೀವಿಗಳು ಸತ್ತ ಬಳಿಕ ಸಾರಜನಕವು ಮಣ್ಣಿಗೆ ಮರಳುವುದು. ತಂದೆಯವರ ಮಾತಿನಲ್ಲಿ ಅರ್ಧ ಸತ್ಯವಿತ್ತೆನ್ನಬೇಕು.

ಫೆಬ್ರವರಿಯಲ್ಲಿ ಕೊಯ್ದ ಜೋಳದ ಬೇರು ಬೇಸಿಗೆಯಲ್ಲಿಯೇ ಏಕೆ ಕೊಳೆಯಲಿಲ್ಲ? ಬಿಸಿಲಿನಲ್ಲಿ ಒಣಗಿಸಿದ ಸಂಡಿಗೆ ವರ್ಷವಿಡೀ ಕೆಡದಿರುವುದನ್ನು ನಮ್ಮ ತಾಯಂದಿರು ಬಲ್ಲರು. ಶಾಖವು ಕೊಳೆಯುವಿಕೆಯನ್ನು ಚುರುಕುಗೊಳಿಸುವುದು ನಿಜ, ಆದರೆ ಹಸಿ ಇದ್ದರೆ ಮಾತ್ರ. ನೀರು ನಿಂತು ಗಾಳಿಯಾಡದಿದ್ದರೂ ಕೆಲಸ ಮಂದವಾಗುವುದು. ಕೂದಲೆಳೆಯಂಥ ಬೇರುಗಳು ಬೇಗ ಕರಗುತ್ತವೆ. ತೊಗರಿಯ ಕಟ್ಟಿಗೆಯಂಥ ತಾಯಿಬೇರು ಅಷ್ಟು ಸುಲಭವಾಗಿ ಮಣಿಯದು. ಅದನ್ನು ಗಟ್ಟಿಗೊಳಿಸಿರುವ ಲಿಗ್ನಿನ್ ಎಂಬ ವಸ್ತುವನ್ನು ಒಡೆಯಬಲ್ಲ ಜೀವಿಗಳು ಕೆಲವೇ, ಮುಖ್ಯವಾಗಿ ಶಿಲೀಂಧ್ರಗಳು.

ಹಾಗೆಂದು ಸುಡುವುದನ್ನು ನಾವು ಒಪ್ಪಲಾರೆವು. ಸುಟ್ಟ ಕೂಳೆಯ ಸಾರಜನಕವು ಬಹುಪಾಲು ಹೊಗೆಯೊಡನೆ ಹೋಗುವುದು. ಉಳಿಯುವ ಬೂದಿಯಿಂದ ಮಣ್ಣಿಗೆ ಮೃದುತ್ವ ಬಾರದು. ಬೇರಿನ ಅಂಶವಾದರೋ ಎಲೆ-ದಂಟುಗಳ ಅಂಶಕ್ಕಿಂತ ಹೆಚ್ಚು ಕಾಲ ಮಣ್ಣಿನಲ್ಲಿ ನಿಲ್ಲುತ್ತದೆ, ಎರೆಯ ಜಿಗುಟು ಕಣಗಳು ಅದನ್ನು ಅಪ್ಪಿ ಹಿಡಿಯುವುದರಿಂದ ಇನ್ನಷ್ಟು ಕಾಲ.

ಕೂಳೆ ಮಗುಚಿದ ಮೇಲೆ ಮಳೆ ಬಿದ್ದು ಎರಡು ಮೂರು ವಾರ ಕಳೆಯಲಿ, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವನ್ನು ಸೇರಿಸಿರಿ ಎಂದೆವು. ಕಾಯಲು ಹದ ತಪ್ಪುವುದಾದರೆ, ಗಾಳಿಯ ಸಾರಜನಕವನ್ನು ತನ್ನ ಬೇರುಗಂಟುಗಳಲ್ಲಿ ಹಿಡಿದುಕೊಳ್ಳುವ ಹೆಸರನ್ನು ಮೊದಲು ಬಿತ್ತಿ, ಹಿಂಗಾರಿಗೆ ಜೋಳಕ್ಕೆ ಮರಳಬಹುದು. ಅವರು ಹೆಸರನ್ನೇ ಬಿತ್ತಿದರು. ತಂದೆಯವರು ಮಾತ್ರ ಬದುವಿನ ಬದಿಯ ನಾಲ್ಕು ಸಾಲಿನ ಕೂಳೆಯನ್ನು ಈಗಲೂ ಆರಿಸಿ, ಸ್ನಾನದ ನೀರು ಕಾಯಿಸಲು ಒಯ್ಯುತ್ತಾರಂತೆ.