ಕೇಳುವ ಹಾಡು, ಹಾಡುವ ಹಾಡು

ಹಾಡಿನ ವಿಷಯ ಬಂದಾಗ ನಮ್ಮವರಲ್ಲಿ ಎರಡು ಪಂಗಡ. ಮೊದಲು ಯಾರ ದನಿಯಲ್ಲಿ ರೆಕಾರ್ಡ್ ಆಯಿತೋ ಅದೇ ಅಸಲಿ, ಆಮೇಲೆ ಬಂದದ್ದೆಲ್ಲ ನಕಲು ಅನ್ನುವವರು ಒಂದು ಕಡೆ. ಕೇಳಲು ಚೆನ್ನಾಗಿದ್ದರೆ ಯಾರು ಹಾಡಿದರೇನು ಅನ್ನುವವರು ಇನ್ನೊಂದು ಕಡೆ. ವಿಶಾಖಪಟ್ಟಣದ ನಮ್ಮ ಪುಟ್ಟ ಕನ್ನಡ ಬಳಗದ ವಾಟ್ಸಾಪ್ ಗುಂಪಿನಲ್ಲಿ ಈ ಜಗಳ ತಿಂಗಳಿಗೊಮ್ಮೆಯಾದರೂ ಏಳುತ್ತದೆ. ಗಿಟಾರ್ ಹಿಡಿದ ಹುಡುಗಿಯೊಬ್ಬಳು ಹಾಡಿದ ಹಳೆಯ ಭಾವಗೀತೆಯನ್ನು ಯಾರೋ ಕಳಿಸುತ್ತಾರೆ. ಐದು ನಿಮಿಷವಾಗುವಷ್ಟರಲ್ಲಿ "ಹಾಡನ್ನು ಕೆಡಿಸಿಬಿಟ್ಟಳು" ಎಂಬ ತೀರ್ಪು ಬಂದಿರುತ್ತದೆ. ಅದರ ಹಿಂದೆಯೇ ಕ್ಯಾಸೆಟ್ ಕಾಲದ ಹಾಡಿನ ಕೊಂಡಿ. ನಾನು ಎರಡನೆಯ ಪಂಗಡದವಳು. ಆದರೆ ಎಲ್ಲ ಮರುಹಾಡಿಕೆಗೂ ತಲೆದೂಗುವವಳಲ್ಲ, ನನಗೆ ನನ್ನದೇ ಒಂದು ಲೆಕ್ಕವಿದೆ. ಈ ಸಲ ಅದನ್ನೇ ನಿಮ್ಮ ಮುಂದಿಡುತ್ತೇನೆ.

ಮೊದಲಿಗೆ, 'ಮೂಲ' ಅನ್ನುವುದು ಯಾವುದು? 'ಕಾಡು ಕುದುರೆ' ಹಾಡನ್ನೇ ತೆಗೆದುಕೊಳ್ಳಿ. ಬರೆದವರು ಚಂದ್ರಶೇಖರ ಕಂಬಾರರು. ಅವರೇ ನಿರ್ದೇಶಿಸಿದ ಅದೇ ಹೆಸರಿನ ಸಿನಿಮಾಕ್ಕೆ ಶಿವಮೊಗ್ಗ ಸುಬ್ಬಣ್ಣನವರು ಹಾಡಿದರು, 1978ರ ಸಾಲಿನ ರಾಷ್ಟ್ರಪ್ರಶಸ್ತಿ ಬಂತು. ಹಿನ್ನೆಲೆ ಗಾಯನಕ್ಕೆ ಆ ಪ್ರಶಸ್ತಿ ಪಡೆದ ಮೊದಲ ಕನ್ನಡಿಗ ಅವರು. ಇತ್ತ ಕಂಬಾರರೂ ವೇದಿಕೆಗಳಲ್ಲಿ ಅದೇ ಹಾಡನ್ನು ತಮ್ಮದೇ ದನಿಯಲ್ಲಿ ಹಾಡುತ್ತ ಬಂದಿದ್ದಾರೆ. ಈಗ ಹೇಳಿ, ಅಸಲಿ ಯಾವುದು? ಪ್ರಶಸ್ತಿ ಪಡೆದ ರೆಕಾರ್ಡೋ, ಬರೆದವರ ಗಂಟಲೋ? ಒಬ್ಬಳೇ ಕೂತು ಕೇಳುವಾಗ ನನಗೆ ಕಂಬಾರರ ದನಿಯೇ ಬೇಕು. ಅದರಲ್ಲಿ ಊರ ಹೊರಗಿನ ದೂಳು ಇದೆ. ಆದರೆ ಕಾರಿನಲ್ಲಿ ಮಕ್ಕಳಿದ್ದರೆ ಸುಬ್ಬಣ್ಣನವರನ್ನೇ ಹಾಕುತ್ತೇನೆ. ಒಂದೊಂದು ಮಾತೂ ಬಿಡಿಬಿಡಿಯಾಗಿ ಕಿವಿಗೆ ಬೀಳುತ್ತದೆ, ಹಿಂದಿನ ಸೀಟಿನವರು ಜೊತೆಗೆ ಹಾಡುತ್ತಾರೆ.

ದಾಸರ ಪದಗಳಿಗೆ ಬಂದರೆ ಈ ಪ್ರಶ್ನೆಯೇ ಬಿದ್ದುಹೋಗುತ್ತದೆ. ಪುರಂದರದಾಸರು ಹಾಡಿದ ಧಾಟಿ ನಮಗೆ ಹೆಚ್ಚಾಗಿ ಉಳಿದೇ ಇಲ್ಲ. ಮಾತು ಉಳಿಯಿತು, ಧಾಟಿಯನ್ನು ಆಮೇಲಿನವರು ಕೂಡಿಸಿದರು. ಅಂದರೆ ನಾವು ಕೇಳಿದ್ದೆಲ್ಲ ಮರುಹಾಡಿಕೆಯೇ. ಇಲ್ಲಿನವರ ಅನ್ನಮಯ್ಯನ ಕಥೆಯೂ ಅದೇ. ತಿರುಮಲೆಯ ತಾಮ್ರದ ಹಲಗೆಗಳಲ್ಲಿ ಕೀರ್ತನೆಗಳ ಸಾಹಿತ್ಯ ಸಿಕ್ಕಿತು, ರಾಗದ ಹೆಸರುಗಳೂ ಸಿಕ್ಕವು, ಹಾಡಿದ ಬಗೆ ಮಾತ್ರ ಸಿಗಲಿಲ್ಲ. ಅವುಗಳಲ್ಲಿ ಎಷ್ಟಕ್ಕೋ ಸ್ವರ ಹಾಕಿದವರು ರಾಳ್ಲಪಲ್ಲಿ ಅನಂತಕೃಷ್ಣ ಶರ್ಮರು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ದಶಕಗಳ ಕಾಲ ತೆಲುಗು ಕಲಿಸಿದ ಮೇಷ್ಟ್ರು! ಪಕ್ಕದ ಫ್ಲ್ಯಾಟಿನವರು ಬೆಳಗ್ಗೆ ಅನ್ನಮಯ್ಯನನ್ನು ಹಾಕಿದಾಗಲೆಲ್ಲ ಇದರಲ್ಲಿ ನಮ್ಮ ಮೈಸೂರಿನದೂ ಒಂದು ಪಾಲಿದೆ ಎಂದು ನಾನು ಒಳಗೊಳಗೇ ಬೀಗುತ್ತೇನೆ.

ಶುಕ್ರವಾರ ಸಂಜೆ ದೀಪ ಹಚ್ಚುವಾಗ ನಮ್ಮ ಮನೆಯಲ್ಲಿ 'ಭಾಗ್ಯದ ಲಕ್ಷ್ಮೀ ಬಾರಮ್ಮ' ಆಗಲೇಬೇಕು. ಭೀಮಸೇನ ಜೋಶಿಯವರು 1983ರ 'ನೋಡಿ ಸ್ವಾಮಿ ನಾವಿರೋದು ಹೀಗೆ' ಸಿನಿಮಾದಲ್ಲಿ ಹಾಡಿದ್ದು ಯಜಮಾನರಿಗೆ ಪ್ರಾಣ. ಗದಗಿನ ಮನುಷ್ಯ, ಕನ್ನಡ ಬಾಯಿತುಂಬ ಬರುತ್ತದೆ, ನಿಜ. ಆದರೆ ಅದರ ಜೊತೆಗೆ ನಾವು ಹಾಡಲಾರೆವು. ಅವರು ಮೇಲೆ ಹೋದಾಗ ನಾವು ಕೆಳಗೇ ನಿಂತು ನೋಡಬೇಕು. ಎಂ.ಎಸ್. ಸುಬ್ಬುಲಕ್ಷ್ಮಿಯವರ ಮನೆಮಾತು ತಮಿಳು. ಆದರೂ ಅವರು ಹಾಡಿದ್ದರ ಹಿಂದೆ ಹೆಜ್ಜೆಯಿಟ್ಟು ಹೋಗಬಹುದು. ಅದಕ್ಕೇ ಭಾನುವಾರ ಮಧ್ಯಾಹ್ನಕ್ಕೆ ಜೋಶಿಯವರು, ಶುಕ್ರವಾರದ ದೀಪಕ್ಕೆ ಎಂ.ಎಸ್. ನಮ್ಮ ಮನೆಯ ಒಪ್ಪಂದ ಇಷ್ಟೇ.

ನನ್ನ ಲೆಕ್ಕ ಈಗ ನಿಮಗೆ ಗೊತ್ತಾಗಿರಬೇಕು. ಕೇಳುವ ಹಾಡು ಬೇರೆ, ಹಾಡುವ ಹಾಡು ಬೇರೆ. ಕೇಳುವುದಕ್ಕಾದರೆ ಎಷ್ಟು ದೊಡ್ಡ ದನಿಯಾದರೂ ಸರಿ. ಹಾಡುವುದಕ್ಕೆ ಬೇಕಾದದ್ದು ನಮ್ಮ ಗಂಟಲಿಗೆ ಒಗ್ಗುವ, ನಮ್ಮ ಉಸಿರಿಗೆ ನಿಲ್ಲುವ, ಮಾತು ಮುಚ್ಚಿಹೋಗದ ಹಾಡಿಕೆ. ಊರು ಬಿಟ್ಟು ಬಂದವರಿಗೆ ಈ ಎರಡನೆಯದೇ ಹೆಚ್ಚು ಬೇಕು. ಬೆಂಗಳೂರಿನ ಮಗುವಿಗೆ ಕನ್ನಡ ಬೀದಿಯಲ್ಲಿ ಸಿಗುತ್ತದೆ. ಇಲ್ಲಿನ ನಮ್ಮ ಮಕ್ಕಳಿಗೆ ಸಿಗುವುದು ಅಡುಗೆಮನೆಯಲ್ಲಿ, ಅಜ್ಜಿಯ ಫೋನಿನಲ್ಲಿ, ಮತ್ತೆ ಹಾಡಿನಲ್ಲಿ.

ಈ ಲೆಕ್ಕ ಗಟ್ಟಿಯಾಗಿ ಪರೀಕ್ಷೆಗೆ ಬಿದ್ದದ್ದು ನಾಡಗೀತೆಯ ವಿಷಯದಲ್ಲಿ. ಕುವೆಂಪು ಅವರ ಕವನ ಅಧಿಕೃತವಾಗಿ ನಾಡಗೀತೆಯಾದದ್ದು 2004ರ ಜನವರಿಯಲ್ಲಿ. ಅದಕ್ಕೂ ಮೊದಲೇ ಅದನ್ನು ನಾಡೆಲ್ಲ ಹಾಡುತ್ತಿತ್ತು. ಮೈಸೂರು ಅನಂತಸ್ವಾಮಿ ಅವರದೊಂದು ಧಾಟಿ, ಸಿ. ಅಶ್ವಥ್ ಅವರದೊಂದು ಧಾಟಿ. ಒಂದು ಶಾಲೆಯಲ್ಲಿ ಅದು, ಇನ್ನೊಂದು ಸಭೆಯಲ್ಲಿ ಇದು. ಎಷ್ಟು ಹೊತ್ತು ಹಾಡಬೇಕು ಅನ್ನುವುದಕ್ಕೂ ಒಂದು ಕಟ್ಟು ಇರಲಿಲ್ಲ. ಕೊನೆಗೆ ಎಚ್.ಆರ್. ಲೀಲಾವತಿ ಅವರ ಅಧ್ಯಕ್ಷತೆಯ ಸಮಿತಿಯ ಶಿಫಾರಸಿನಂತೆ 2022ರ ಸೆಪ್ಟೆಂಬರ್‌ನಲ್ಲಿ ಸರ್ಕಾರದ ಆದೇಶ ಬಂತು: ಅನಂತಸ್ವಾಮಿಯವರ ಧಾಟಿ, ಪೂರ್ತಿ ಗೀತೆ, ಆಲಾಪ ಮತ್ತು ಪುನರಾವರ್ತನೆ ಇಲ್ಲದೆ 2 ನಿಮಿಷ 30 ಸೆಕೆಂಡು. ಅಶ್ವಥ್ ಅವರ ಧಾಟಿಯ ಪರವಾಗಿ ಗಾಯಕ ಕಿಕ್ಕೇರಿ ಕೃಷ್ಣಮೂರ್ತಿ ಹೈಕೋರ್ಟಿಗೆ ಹೋದರು. ವಿಚಾರಣೆಯಲ್ಲಿ ಅವರು ನ್ಯಾಯಮೂರ್ತಿಗಳ ಎದುರೇ ಹಾಡಿಯೂ ತೋರಿಸಿದರು. 2024ರ ಏಪ್ರಿಲ್‌ನಲ್ಲಿ ಅರ್ಜಿ ವಜಾ ಆಯಿತು. ನಮ್ಮ ವಾಟ್ಸಾಪ್ ಜಗಳವೇ ಕೋಟು ತೊಟ್ಟು ಕಟಕಟೆ ಹತ್ತಿದ ಹಾಗಾಯಿತು ಎಂದು ನಕ್ಕವರುಂಟು. ನನಗೆ ನಗು ಬರಲಿಲ್ಲ. ಒಂದು ಧಾಟಿಗಾಗಿ ಕೋರ್ಟಿಗೆ ಹೋಗುವಷ್ಟು ಹಾಡು ಜನರೊಳಗೆ ಇಳಿದಿದೆ ಎಂದರೆ ಅದು ಸಣ್ಣ ಮಾತಲ್ಲ.

ಕರ್ನಾಟಕ ಸರ್ಕಾರದ ಆದೇಶ ಗೋದಾವರಿ ದಾಟಿ ನಮ್ಮೂರಿಗೆ ಬರುವುದಿಲ್ಲ. ನಾವು ಯಾವ ಧಾಟಿಯಲ್ಲಿ ಹಾಡಿದರೂ ಕೇಳುವವರಿಲ್ಲ. ಆದರೂ ರಾಜ್ಯೋತ್ಸವದ ತಯಾರಿಯಲ್ಲಿ ಪ್ರಶ್ನೆ ಎದ್ದೇ ಎದ್ದಿತು. ನಾನು ಅನಂತಸ್ವಾಮಿಯವರ ಧಾಟಿಯ ಪರ ನಿಂತೆ. ಆದೇಶ ಇದೆ ಅಂತಲ್ಲ. ನಮ್ಮ ಗುಂಪಿನಲ್ಲಿ ಎಂಟು ವರ್ಷದವರಿಂದ ಎಪ್ಪತ್ತೆಂಟರವರೆಗೆ ಎಲ್ಲರೂ ಇದ್ದಾರೆ, ಎಲ್ಲರಿಗೂ ಸೇರಿ ಇರುವುದು ಒಂದೇ ಶ್ರುತಿ. ಅಶ್ವಥ್ ಅವರ ಹಾಡುಗಳು ಎದೆ ತುಂಬಿ, ದನಿ ಎತ್ತಿ ಹಾಡುವವರಿಗೆ. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದ 'ಕನ್ನಡವೇ ಸತ್ಯ' ಕಾರ್ಯಕ್ರಮಕ್ಕೆ ಸೇರಿದ್ದ ಜನಸಾಗರವನ್ನು ನೆನೆದರೆ ಈಗಲೂ ಮೈ ನವಿರೇಳುತ್ತದೆ. ಆದರೆ ಮೂರನೆಯ ತರಗತಿಯ ಮಗು ಆ ದನಿಯನ್ನು ಹಿಂಬಾಲಿಸಲು ಹೋಗಿ ಮಾತನ್ನು ನುಂಗುತ್ತದೆ. ಅನಂತಸ್ವಾಮಿಯವರ ಧಾಟಿಯಲ್ಲಿ ಮಾತು ಮುಂದೆ, ರಾಗ ಹಿಂದೆ. ಕರೋಕೆ ಟ್ರ್ಯಾಕ್ ಕೂಡ ಬೇಡವೆಂದು ಒಂದು ಹಾರ್ಮೋನಿಯಂ, ಒಂದು ಶ್ರುತಿಪೆಟ್ಟಿಗೆ ಇಟ್ಟುಕೊಂಡೆವು.

ತಾಲೀಮಿನಲ್ಲಿ ಇನ್ನೊಂದು ಗುಟ್ಟು ಗೊತ್ತಾಯಿತು. ಮೊದಲ ದಿನ ಮಕ್ಕಳಿಗೆ ಹಾಡನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದ ಹಾಳೆ ಹಂಚಿದ್ದರು. ಒಬ್ಬ ಪುಟ್ಟ 'ಮಾತೆ'ಯನ್ನು ಗಂಭೀರವಾಗಿ 'ಮೇಟ್' ಎಂದು ಓದಿದ. ಲ-ಳ ಒಂದಾದವು, ನ-ಣ ಒಂದಾದವು, ದೀರ್ಘಗಳೆಲ್ಲ ಮಾಯ. ಮರುವಾರ ಅದೇ ಹಾಡನ್ನು ತೆಲುಗು ಲಿಪಿಯಲ್ಲಿ ಬರೆದುಕೊಟ್ಟೆವು. ಶಾಲೆಯಲ್ಲಿ ಹೇಗೂ ತೆಲುಗು ಕಲಿಯುತ್ತಾರೆ. ಎರಡೂ ಲಿಪಿ ಒಂದೇ ತಾಯಿಯ ಮಕ್ಕಳು, ತಲಕಟ್ಟು ಮತ್ತು ಒಂದಷ್ಟು ಅಕ್ಷರಗಳಷ್ಟೇ ಬೇರೆ. ಳಕಾರ ತಾನಾಗಿ ಬಂತು, ಮಹಾಪ್ರಾಣ ಬಂತು. ತಿಂಗಳಾಗುವಷ್ಟರಲ್ಲಿ ಇಬ್ಬರು ಕನ್ನಡದ ಹಾಳೆಯನ್ನೇ ಕೇಳಿ ಪಡೆದರು. ಎಸ್.ಪಿ. ಬಾಲಸುಬ್ರಹ್ಮಣ್ಯಂ ಬೇರೆ ಭಾಷೆಯ ಹಾಡುಗಳನ್ನು ತೆಲುಗು ಲಿಪಿಯಲ್ಲಿ ಬರೆದುಕೊಂಡೇ ಹಾಡುತ್ತಿದ್ದರು ಎಂದು ಹೇಳಿದಾಗ ಮಕ್ಕಳಿಗೆ ಎಲ್ಲಿಲ್ಲದ ಹುರುಪು. ಕಾಕಿನಾಡದಲ್ಲಿ ಹುಟ್ಟಿದ ಪಿ.ಬಿ. ಶ್ರೀನಿವಾಸ್, ಇಲ್ಲೇ ಪಕ್ಕದ ವಿಜಯನಗರದ ಪಿ. ಸುಶೀಲಾ, ಗುಂಟೂರು ಸೀಮೆಯ ಎಸ್. ಜಾನಕಿ ನಮಗೆ ಕನ್ನಡ ಹಾಡಿಕೊಟ್ಟಿದ್ದಾರೆ. ಆ ದಾರಿಯಲ್ಲಿ ನಮ್ಮ ಮಕ್ಕಳು ಈಗ ಹಿಂದಕ್ಕೆ ನಡೆಯುತ್ತಿದ್ದಾರೆ, ಅಷ್ಟೇ.

ಎಲ್ಲವೂ ಇಷ್ಟು ಸಲೀಸಾಗಿ ಮುಗಿದಿದ್ದರೆ ನಾನು ಈ ಅಂಕಣ ಬರೆಯುತ್ತಿರಲಿಲ್ಲ. ಉಕ್ಕುನಗರದಿಂದ ಬರುವ ಹಿರಿಯರೊಬ್ಬರಿದ್ದಾರೆ. ಉಕ್ಕು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಮಕ್ಕಳಿಗೆಲ್ಲ ತಾತ. ಅವರ ಮನೆಯವರು ಹಿಂದೆ ಕ್ಯಾಸೆಟ್ ಹಾಕಿಕೊಂಡು, ನಿಲ್ಲಿಸಿ ನಿಲ್ಲಿಸಿ, ಕಾಲೊನಿಯ ಕನ್ನಡದ ಹೆಂಗಸರಿಗೆಲ್ಲ ಅಶ್ವಥ್ ಅವರ ಧಾಟಿ ಕಲಿಸಿದ್ದರು. ಆ ತಾಯಿ ಈಗಿಲ್ಲ. ಧಾಟಿ ಬದಲಾಯಿತೆಂದು ಗೊತ್ತಾದಾಗ ತಾತ ಜಗಳವಾಡಲಿಲ್ಲ. "ನೀವು ಯಾವುದನ್ನಾದರೂ ಹಾಡಿಯಮ್ಮ, ನನ್ನ ಬಾಯಿಗೆ ಬರೋದು ಅದೊಂದೇ" ಎಂದರು. ರಾಜ್ಯೋತ್ಸವದ ದಿನ ನಮ್ಮ ಜೊತೆ ಸಾಲಿನಲ್ಲಿ ನಿಂತರು. ಎರಡೂವರೆ ನಿಮಿಷ ತುಟಿ ಅಲುಗಲಿಲ್ಲ.

ಊಟವಾದ ಮೇಲೆ ಯಾರೋ ಒತ್ತಾಯಿಸಿದರು. ತಾತ ಕುರ್ಚಿಯಲ್ಲಿ ಕೂತೇ, ಮೈಕಿಲ್ಲದೆ, ಅಶ್ವಥ್ ಅವರ ಧಾಟಿಯಲ್ಲಿ ಶುರು ಮಾಡಿದರು. ಎರಡನೆಯ ಸಾಲಿಗೆ ಏಳೆಂಟು ಹೆಂಗಸರ ದನಿ ಕೂಡಿಕೊಂಡಿತು. ಯಾರ ಕೈಯಲ್ಲೂ ಹಾಳೆ ಇರಲಿಲ್ಲ, ಒಂದು ಅಕ್ಷರ ತಪ್ಪಲಿಲ್ಲ. ನಾನು ಕಷ್ಟದ್ದು, ಗುಂಪಿಗೆ ಒಗ್ಗದ್ದು ಅಂದ ಧಾಟಿ ಅವರಿಗೆ ನೀರು ಕುಡಿದಷ್ಟು ಸುಲಭ. ಯಾಕೆಂದರೆ ಅವರು ಅದನ್ನು ಕಲಿತದ್ದು ರೆಕಾರ್ಡಿನಿಂದಲ್ಲ, ಪಕ್ಕದ ಮನೆಯ ಹೆಂಗಸಿನ ಗಂಟಲಿನಿಂದ. ಅಶ್ವಥ್ ಎಷ್ಟೋ, ಆ ತಾಯಿಯೂ ಅಷ್ಟೇ ಆ ಹಾಡಿನಲ್ಲಿ ಇದ್ದರು.

ಇಲ್ಲಿನವರು ಇದನ್ನು ಹೇಗೆ ನೋಡುತ್ತಾರೆ ಎಂದು ಕುತೂಹಲ ಇರಬಹುದು. ನವೆಂಬರ್ 1 ಆಂಧ್ರದವರಿಗೂ ರಾಜ್ಯ ಹುಟ್ಟಿದ ದಿನ. ಶಂಕರಂಬಾಡಿ ಸುಂದರಾಚಾರಿ 1942ರ 'ದೀನಬಂಧು' ಸಿನಿಮಾಕ್ಕೆಂದು ಬರೆದ 'ಮಾ ತೆಲುಗು ತಲ್ಲಿಕಿ' ಅವರ ನಾಡಗೀತೆ. ಟಂಗುಟೂರಿ ಸೂರ್ಯಕುಮಾರಿ ಹಾಡಿದ ಗ್ರಾಮಫೋನ್ ತಟ್ಟೆಯಿಂದ ಅದು ಮನೆಮನೆಗೆ ಹೋಯಿತು. ಇಂದಿಗೂ ಶಾಲೆಯ ಮಕ್ಕಳು ಹಾಡುವುದು ಹೆಚ್ಚುಕಡಿಮೆ ಆಕೆಯ ಧಾಟಿಯನ್ನೇ. ಒಂದೇ ದನಿ, ತಕರಾರಿಲ್ಲ. ಅದೇ ತೆಲಂಗಾಣದಲ್ಲಿ ನೋಡಿ. ಅಂದೆಶ್ರೀ ಅವರ ಗೀತೆಗೆ ಕೀರವಾಣಿ ಸಂಗೀತ ಮಾಡಿ 2024ರ ಜೂನ್‌ನಲ್ಲಿ ಅದು ರಾಜ್ಯಗೀತೆಯಾಗುವ ಹೊತ್ತಿಗೆ, ಆಂಧ್ರದವರ ಕೈಯಲ್ಲಿ ಯಾಕೆ ಮಾಡಿಸಿದಿರಿ ಎಂದು ಅಲ್ಲಿನ ಕಲಾವಿದರು ಸಿಟ್ಟಾದರು. ಹಾಡಿನ ಮೇಲೆ ಹಕ್ಕು ಯಾರದು ಅನ್ನುವ ಜಗಳ ನಮ್ಮದು ಮಾತ್ರವಲ್ಲ.

ಮರುಹಾಡಿಕೆಗೆ ಎಂದೂ ಜಾಗ ಕೊಡದ ಒಂದು ದನಿಯೂ ಇಲ್ಲಿದೆ. ವೈಜಾಗಿಗೆ ಬರುವ ಮೊದಲು ನಾವು ನಾಲ್ಕು ವರ್ಷ ವಿಜಯವಾಡದಲ್ಲಿದ್ದೆವು. ಅಲ್ಲಿನ ಸರ್ಕಾರಿ ಸಂಗೀತ ಕಾಲೇಜಿಗೆ ಘಂಟಸಾಲ ಅವರದೇ ಹೆಸರು. 1974ರಲ್ಲಿ ತೀರಿಕೊಳ್ಳುವ ಮುನ್ನ ಘಂಟಸಾಲ ಹಾಡಿಟ್ಟುಹೋದ ಭಗವದ್ಗೀತೆ, ಶ್ಲೋಕದ ಬೆನ್ನಿಗೇ ತೆಲುಗು ತಾತ್ಪರ್ಯ, ಇಲ್ಲಿ ಸಾವಾದ ಮನೆಯ ಮುಂದೆ ಕೇಳಿಬರುತ್ತದೆ. ಬೀದಿಯ ತಿರುವಿನಲ್ಲಿ ಆ ದನಿ ಕಿವಿಗೆ ಬಿದ್ದರೆ ಸಾಕು, ಯಾರೂ ಹೇಳದೆ ಜನಕ್ಕೆ ತಿಳಿಯುತ್ತದೆ, ಗಾಡಿಯ ಹಾರ್ನ್ ನಿಲ್ಲುತ್ತದೆ. ಆ ಜಾಗಕ್ಕೆ ಬೇರೆಯವರ ದನಿ ತಂದಿಡಿ ನೋಡೋಣ! ಅದು ಕೇಳುವ ಹಾಡು. ದುಃಖದ ಮನೆಯಲ್ಲಿ ಯಾರಿಗೂ ಹಾಡುವ ಶಕ್ತಿ ಇರುವುದಿಲ್ಲ, ನಮ್ಮ ಪರವಾಗಿ ಇನ್ನೊಬ್ಬರು ಹಾಡಬೇಕು. ಅಲ್ಲಿ ಮೊದಲ ದನಿಯೇ ಕೊನೆಯ ದನಿ.

ಆದ್ದರಿಂದ ಗಿಟಾರ್ ಹುಡುಗಿಯನ್ನು ಬೈಯುವ ಮುನ್ನ ಒಂದು ಮಾತು ಕೇಳಿಕೊಳ್ಳಿ: ಈ ಹಾಡಿಕೆ ಕೇಳಿದ ಮೇಲೆ ನಿಮ್ಮ ಮನೆಯ ಮಗು ಒಂದು ಸಾಲನ್ನಾದರೂ ಗುನುಗಿತೇ? ಗುನುಗಿದ್ದರೆ ಆ ಹುಡುಗಿ ಗೆದ್ದಳು. ಗುನುಗದಿದ್ದರೆ ಮೂಲವನ್ನೇ ಹಾಕಿ, ಅದೂ ಹತ್ತದಿದ್ದರೆ ಫೋನು ಪಕ್ಕಕ್ಕಿಟ್ಟು ನೀವೇ ಹಾಡಿ. ಉಕ್ಕುನಗರದ ಆ ತಾಯಿ ಮಾಡಿದ್ದು ಅದನ್ನೇ.

ನಮ್ಮ ಬಳಗದ ಏರ್ಪಾಡು ಈಗ ಹೀಗಿದೆ. ಸಭೆಯ ಶುರುವಿಗೆ ಮಕ್ಕಳ ಬಾಯಲ್ಲಿ ಅನಂತಸ್ವಾಮಿ, ಊಟದ ನಂತರ ತಾತನ ಬಾಯಲ್ಲಿ ಅಶ್ವಥ್. ಪಟ್ಟಿಯಲ್ಲಿ ಎರಡನ್ನೂ ಅಚ್ಚು ಹಾಕಿಸುತ್ತೇವೆ. ತಾತನ ವಯಸ್ಸು ನೆನೆದು, ಎರಡನೆಯ ಧಾಟಿಯನ್ನು ಕಲಿಯಲು ಹೈಸ್ಕೂಲಿನ ಇಬ್ಬರು ಹುಡುಗಿಯರನ್ನು ಅವರ ಮನೆಗೆ ಕಳಿಸುವ ಮಾತೂ ನಡೆದಿದೆ. ರೆಕಾರ್ಡ್ ಹೇಗೂ ಫೋನಿನಲ್ಲಿದೆ. ಕಲಿಯಬೇಕಾದದ್ದು ಅವರಿಂದ.

ನಿಮ್ಮೂರಿನ ಬಳಗದಲ್ಲಿ ಯಾವ ಧಾಟಿ? ಪುಣೆಯವರು, ಚೆನ್ನೈಯವರು, ದಿಲ್ಲಿಯವರು ಬರೆದು ತಿಳಿಸಿ. ಜಗಳ ಇದ್ದರೆ ಅದನ್ನೂ ಬರೆಯಿರಿ.