ಮದ್ದಿನ ಚೀಟಿಯೂ ಉಸಿರಿನ ಲೆಕ್ಕವೂ

ಡಾಕ್ಟರರ ಚೀಟಿಯಿಲ್ಲದೆ ಆಂಟಿಬಯೋಟಿಕ್ ಮಾರುವುದನ್ನು ತಡೆಯಲು ಕೇರಳದ ಔಷಧ ನಿಯಂತ್ರಣ ಇಲಾಖೆಯು 2024ರ ಜನವರಿಯಲ್ಲಿ ‘ಆಪರೇಷನ್ ಅಮೃತ್’ ಆರಂಭಿಸಿತು. ಕ್ರಮ ಸರಿಯಾದುದೇ. ಶೀತಕ್ಕೆರಡು, ಕೆಮ್ಮಿಗೆ ಮೂರು ಎಂದು ಬಿಡಿ ಮಾತ್ರೆ ನುಂಗಿ, ರೋಗಾಣುಗಳು ಮದ್ದಿಗೆ ಬಗ್ಗದಂತೆ ಮಾಡಿದವರಲ್ಲಿ ನಾವೂ ಇದ್ದೇವೆ. ಆದರೆ ಅಂಗಡಿಯ ದಾರಿ ಮುಚ್ಚಿದ ಮೇಲೆ ಆಸ್ಪತ್ರೆಗೆ ಯಾವಾಗ ಓಡಬೇಕೆಂಬುದು ಮನೆಯವರಿಗೆ ಗೊತ್ತಿರಬೇಡವೇ? ನ್ಯುಮೋನಿಯದಲ್ಲಂತೂ ತಡಮಾಡುವಂತಿಲ್ಲ.

ಆಸ್ಪತ್ರೆಯಲ್ಲಿರುವಾಗ ತಗಲದೆ, ಊರಿನಲ್ಲೇ ಅಂಟುವ ನ್ಯುಮೋನಿಯಕ್ಕೆ ಹೆಚ್ಚಾಗಿ ಕಾರಣವಾಗುವ ಬ್ಯಾಕ್ಟೀರಿಯ ನ್ಯುಮೋಕಾಕಸ್. ಶ್ವಾಸಕೋಶದ ಗಾಳಿಗೂಡುಗಳಲ್ಲಿ ಕೀವು, ನೀರು ತುಂಬುತ್ತದೆ. ಜ್ವರ, ಕಫ, ಉಸಿರೆಳೆದಾಗ ಎದೆನೋವು ಸಾಮಾನ್ಯ ಲಕ್ಷಣಗಳು. ವೃದ್ಧರಲ್ಲಿ ಜ್ವರವೇ ಕಾಣದೆ ಬರೀ ಗಲಿಬಿಲಿಯಿರಬಹುದು. ಅದನ್ನು ‘ಪ್ರಾಯದ ಮರುಳು’ ಎಂದು ಸುಮ್ಮನಾಗುವುದು ಅಪಾಯ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ಮಗು ಅಳದೆ ಶಾಂತವಾಗಿರುವಾಗ ಗಡಿಯಾರ ನೋಡಿ, ಪೂರ್ತಿ ಒಂದು ನಿಮಿಷ ಉಸಿರೆಣಿಸಿ. ಎರಡು ತಿಂಗಳೊಳಗಿನ ಶಿಶುವಿಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40 ಅಥವಾ ಹೆಚ್ಚಾದರೆ ಕೂಡಲೇ ತೋರಿಸಬೇಕು. ಪಕ್ಕೆ ಒಳಗೆ ಸೆಳೆದರೆ ಇನ್ನೂ ಗಂಭೀರ. ದೊಡ್ಡವರಿಗೆ 30 ದಾಟುವುದು ಅಪಾಯದ ಗುರುತು. ಡಾಕ್ಟರರ ಲೆಕ್ಕದಲ್ಲೂ ಇದೇ 30 ಇದೆ. ಜೊತೆಗೆ ಗಲಿಬಿಲಿ, ಇಳಿದ ರಕ್ತದೊತ್ತಡ, ರಕ್ತದ ಯೂರಿಯ, 65ರ ಪ್ರಾಯ. ಎಕ್ಸ್‌ರೇಯಿಂದ ರೋಗ ಖಚಿತವಾಗುತ್ತದೆ. ಲಘುವಾದರೆ ಮನೆಯಲ್ಲೇ ಅಮಾಕ್ಸಿಸಿಲಿನ್‌ನಂಥ ಮಾತ್ರೆ ಸಾಕು. ಎರಡು ಮೂರು ದಿನಗಳಲ್ಲಿ ಇಳಿಮುಖವಾಗದಿದ್ದರೆ ಪುನಃ ತೋರಿಸಬೇಕು. ಜ್ವರ ಬಿಟ್ಟಿತೆಂದು ನಡುವೆ ನಿಲ್ಲಿಸಕೂಡದು. ತೀವ್ರವಾದರೆ ದಾಖಲಾತಿ, ಆಮ್ಲಜನಕ, ಇಂಜೆಕ್ಷನ್. ಎರಡು ವಾರ ಮೀರಿದ ಕೆಮ್ಮಿಗೆ ಕ್ಷಯದ ಕಫಪರೀಕ್ಷೆ ಬೇರೆಯೇ ಆಗಬೇಕು.

ನಮ್ಮ ಕಡೆ ಇದಕ್ಕೆ ಭಾಷೆಯ ತೊಡಕೂ ಸೇರಿದೆ. ರೋಗನಿರ್ಣಯದ ಮೊದಲ ಅರ್ಧ ಮಾತುಕತೆ. ‘ಶ್ವಾಸಂ ಮುಟ್ಟಲ್ ಉಂಡೋ?’ ಎಂದು ಡಾಕ್ಟರರು ಕೇಳಿದರೆ, ಕನ್ನಡವೊಂದೇ ಬಲ್ಲ ಅಜ್ಜಿಗೆ ‘ಮುಟ್ಟುವುದು’ ಮಾತ್ರ ಕೇಳಿಸುತ್ತದೆ. ಉಸಿರುಕಟ್ಟುವುದನ್ನು ಕೇಳುತ್ತಿದ್ದಾರೆಂದು ಹೊಳೆಯುವುದಿಲ್ಲ, ತಲೆಯಾಡಿಸುತ್ತಾರೆ. ಕನ್ನಡಿಗರು ತಮ್ಮ ಭಾಷೆಯಲ್ಲೇ ಸರಕಾರಕ್ಕೆ ಬರೆಯಬಹುದೆಂದು 1969ರ ಕೇರಳ ಅಧಿಕೃತ ಭಾಷಾ ಕಾನೂನೇ ಒಪ್ಪಿತ್ತು. ಅರ್ಜಿಗೆ ಸಂದ ಮರ್ಯಾದೆ ರೋಗಿಯ ಬಾಯಿಮಾತಿಗೂ ಸಲ್ಲಬೇಕು. ಮಂಜೇಶ್ವರ, ಕಾಸರಗೋಡು ತಾಲೂಕುಗಳ ಆರೋಗ್ಯ ಕೇಂದ್ರಗಳಲ್ಲಿ ಡಾಕ್ಟರರು ಕೇಳುವ ಹತ್ತು ಪ್ರಶ್ನೆಗಳನ್ನು ಕನ್ನಡದಲ್ಲಿ ಬರೆದಿಡಲು ಖರ್ಚೇನೂ ಹೆಚ್ಚಲ್ಲ; ಪಂಚಾಯತು ಸದಸ್ಯರು ಕೇಳಿ ಮಾಡಿಸಬಹುದು. ಅಷ್ಟರವರೆಗೆ ಜ್ವರ ಬಂದ ದಿನ, ನಿಮಿಷದ ಉಸಿರು, ಈಗಾಗಲೇ ನುಂಗಿದ ಮಾತ್ರೆಯ ಹೆಸರು, ಇಷ್ಟನ್ನು ಚೀಟಿಯಲ್ಲಿ ಬರೆದು ಒಯ್ಯಿರಿ; ಮಾತ್ರೆಯ ಖಾಲಿ ಪಟ್ಟಿಯೂ ಜೊತೆಗಿರಲಿ.